ಮೂವತ್ತಾರು ಗ್ರಾಂ ನೀರು

ಕಳಮಶ್ಶೇರಿ
14 ಸೆಪ್ಟೆಂಬರ್ 2025

ನಂದಿತಾಳ ಅಪ್ಪನಿಗೆ ಚಂದ್ರಾವತಿಯ ನಮಸ್ಕಾರಗಳು.

ಫೋನಿರುವಾಗ ಇವಳಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡಿ. ಮೊನ್ನೆಯೇ ಬರೆಯಬೇಕಿತ್ತು, ಕೈ ಓಡಲಿಲ್ಲ. ನೀವು ಫೋನ್ ಮಾಡುವ ಹೊತ್ತಿಗೆ ಮಗಳು ಪಕ್ಕದಲ್ಲೇ ಇರುತ್ತಾಳೆ, ಇದನ್ನು ಅವಳೆದುರು ಹೇಳುವಂತಿಲ್ಲ. ತಿರುವನಂತಪುರದ ಮೆಸ್ ಊಟ ಹೊಟ್ಟೆಗೆ ಹಿಡಿಸಿತೇ? ಶುಗರ್ ಮಾತ್ರೆ ಮರೆಯಬೇಡಿ.

ಟ್ಯೂಷನ್ನಿನ ಜೋಸೆಫ್ ಸರ್ ನನ್ನನ್ನು ಕರೆಸಿದ್ದರು. ಶನಿವಾರದ ಕೆಮಿಸ್ಟ್ರಿ ಟೆಸ್ಟೂ ಹೀಗೇ ಆದರೆ ನಂದಿತಾಳನ್ನು ಎಂಟ್ರೆನ್ಸ್ ಬ್ಯಾಚಿನಿಂದ ತೆಗೆಯುತ್ತಾರಂತೆ. ಮೂವತ್ತಾರು ಗ್ರಾಂ ನೀರಿನಲ್ಲಿ ಎಷ್ಟು ಅಣುಗಳಿವೆ ಎಂಬಂಥ ಲೆಕ್ಕಗಳು. ಹದಿನೆಂಟರಿಂದ ಭಾಗಿಸಿದರೆ ಎಷ್ಟು ಮೋಲ್ ಎಂದು ಸಿಗುತ್ತದೆ, ಅದನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಬೇಕು. ಇವಳು ಪ್ರತಿ ಸಲ ಭಾಗಿಸುವಲ್ಲಿಯೂ ಗುಣಿಸುತ್ತಾಳೆ. ನೀವು ಸಂಜೆ ಫೋನಿನಲ್ಲಿ ತಿದ್ದುತ್ತೀರಿ, "ಒಂದು ಲೋಟಕ್ಕೆ ಅರಬ್ಬೀ ಸಮುದ್ರವನ್ನೇ ಸುರಿದಿಯಲ್ಲ ಮಾರಾಯ್ತಿ" ಎಂದು ನಗಿಸುತ್ತೀರಿ. ಮರುದಿನ ಮತ್ತೆ ಅದೇ ತಪ್ಪು. ಬ್ಯಾಂಕಿನವರ ಮಗಳಿಗೆ ಭಾಗಾಕಾರ ಬರುವುದಿಲ್ಲವೇ ಎಂದು ನನಗೆ ರೇಗಿಹೋಗಿತ್ತು.

ಮೊನ್ನೆ ಕೆಳಗಿನ ಫ್ಲ್ಯಾಟಿನ ಜುಬೈದಾ ಬಂದಿದ್ದಳು, ಇವಳ ಕ್ಲಾಸಿನ ಹುಡುಗಿ. ಮೋಲ್ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲವೇನೋ ಎಂದೆ. "ನನಗೆ ಅದನ್ನು ಕಲಿಸಿದ್ದೇ ನಂದಿತಾ, ಆಂಟಿ" ಎಂದಳು.

ಅವಳು ಹೋದ ಮೇಲೆ ಮಗಳನ್ನು ಕೂರಿಸಿಕೊಂಡೆ. ಎಂದಿನಂತೆ ನನ್ನದು ಕನ್ನಡ, ಅವಳದು ಮಲಯಾಳ. ಬೇಕೆಂದೇ ತಪ್ಪು ಬರೆಯುತ್ತಾಳಂತೆ. "ಯಾಕೆ ಮಗಾ?" ಎಂದೆ. ಈ ಸಲ ಕನ್ನಡದಲ್ಲೇ ಹೇಳಿದಳು:

"ಸರಿ ಬಂದ್ರೆ ಅಪ್ಪ ಮತ್ತೆ ಎಂತಕ್ಕೆ ಫೋನ್ ಮಾಡುದು?"

ಬೈಯಬೇಕೆಂದು ಕೂತವಳು ನಾನೇ ಅತ್ತುಬಿಟ್ಟೆ. ಬ್ಯಾಚ್ ಹೋದರೆ ಹೋಗಲಿ ಅನ್ನುತ್ತಾಳೆ. ಡಾಕ್ಟರ್ ಆಗಬೇಕೆಂದು ಕುಣಿಯುತ್ತಿದ್ದವಳು ಇವಳೇ. ಶನಿವಾರದೊಳಗೆ ಒಮ್ಮೆ ಲೆಕ್ಕದ ಮಾತೆತ್ತದೆ ಸುಮ್ಮನೆ ಫೋನ್ ಮಾಡಿ. ಏನು ತಿಂದೆ, ಯಾರ ಜೊತೆ ಜಗಳವಾಡಿದೆ ಎಂದು ಕೇಳಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಚಂದ್ರಾವತಿ

ಮತ್ತೊಂದು ಮಾತು: ಜುಲೈಯಲ್ಲಿ ನಿಮ್ಮ ಬ್ಯಾಂಕಿನ ಜಯಣ್ಣನವರು ಮನೆಗೆ ಫೋನ್ ಮಾಡಿದ್ದರಂತೆ. ಎತ್ತಿದವಳು ನಂದಿತಾ. "ಮನೆ ಹತ್ರ ಕೊಚ್ಚಿಗೇ ವರ್ಗ ಸಿಕ್ಕಿದ್ರೂ ನಿಮ್ಮಪ್ಪ ಬೇಡ ಅಂದ್ರಲ್ಲ, ಯಾಕಮ್ಮಾ?" ಎಂದು ಕೇಳಿದರಂತೆ. ನನಗೆ ನೋವಾಗುತ್ತದೆಂದು ಮಗು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಲೆಕ್ಕ ತಪ್ಪತೊಡಗಿದ್ದು ಅಂದಿನಿಂದ. ನನಗೆ ನೀವು ಕಾರಣ ಹೇಳಬೇಕಾಗಿಲ್ಲ. ಬಂದು ಅವಳಿಗೆ ಹೇಳಿ.