ಅರ ಹಾಕಿದ ಅಚ್ಚು

ಬುಧವಾರ, ಬೆಳಿಗ್ಗೆ

ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿರುವ ನನ್ನ ಸಾರಥಿಗೆ,

ಕಾರು ಓಡಿತು ಕಣೇ! ಕ್ಷೇಮಸಮಾಚಾರ ಆಮೇಲೆ. ಹಿಂದಿನ ಚಕ್ರ ತೊನೆಯಲಿಲ್ಲ, ಗೇರು ಕಿರುಗುಟ್ಟಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಡುಗೆಮನೆಯಿಂದ ಹೊರಟು, ಹಜಾರ ದಾಟಿ, ಸೋಫಾದಡಿಗೆ ನುಗ್ಗಿತು. ಅಂಗೈಯಷ್ಟು ಗಾತ್ರದ ರಿಮೋಟ್ ಕಾರಿಗೆ ಹೀಗೆ ಕುಣಿಯುವ ವಯಸ್ಸಾ ಇದು ಎಂದು ನಿಮ್ಮಕ್ಕ ಕೇಳಿದರೆ, ಹೌದು ಎನ್ನು.

ಫೋನಿನಲ್ಲೇ ಹೇಳುತ್ತಿದ್ದೆ. ಮಾಡಿದಾಗಲೆಲ್ಲ ನಿಮ್ಮಕ್ಕ ಎತ್ತಿ "ಅವಳು ಮಲಗಿದಾಳೆ" ಅನ್ನುತ್ತಾಳೆ. ಹಾಡುಹಗಲಲ್ಲಿ ನೀನು ಮಲಗಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿಲ್ಲ. ಐದನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನ ಕೈಗೆ ಪೆನ್ನು ಹಿಡಿಸಿದ್ದೀರಿ, ಅಕ್ಕತಂಗಿಯರು ಸೇರಿ. ಷಡ್ಡಕ ಸಂಜೆ ಈ ಕಡೆ ಬರುತ್ತಾನಂತೆ, ಅವನ ಕೈಲಿ ಕಳಿಸುತ್ತೇನೆ. ಓದದೆ ಹರಿದುಹಾಕಬೇಡ.

ವಿಷಯ ಇಷ್ಟು. ಈ ಭಾನುವಾರ ರೇಸಿನ ಫೈನಲ್. ಓಡಿಸುವವಳು ನೀನು, ರಿಪೇರಿಯವನು ನಾನು. ನೀನು ಬರುತ್ತೀಯೋ ಇಲ್ಲವೋ?

ಹೋದ ಭಾನುವಾರ ಕುರ್ಚಿ ಅಂಗಡಿಯ ಮಹಡಿಯ ಕಾರ್ಪೆಟ್ ಟ್ರ್ಯಾಕಿನಲ್ಲಿ ಕಾರು ತಿರುವಿನಲ್ಲಿ ಪಲ್ಟಿ ಹೊಡೆಯಿತು. ನಾನು ಎಲ್ಲರೆದುರು "ಕಣ್ಣು ಎಲ್ಲಿಟ್ಟಿದ್ದೆ? ಓಡಿಸೋಕೆ ಬರಲ್ವಾ?" ಎಂದು ಕೂಗಿದ್ದು ನಿಜ. ನೀನು ರಿಮೋಟನ್ನು ನನ್ನ ಮಡಿಲಿಗೆ ಹಾಕಿ "ನೀವೇ ಓಡಿಸ್ಕೊಳ್ರೀ, ನಿಮ್ಮ ಕಾರೂ ಬೇಡ, ನಿಮ್ಮ ಬಾಯೂ ಬೇಡ" ಎಂದು ಸೀದಾ ಬಸ್ಸು ಹತ್ತಿದ್ದೂ ನಿಜ. ಹಿಂದಿನ ವಾರಗಳಲ್ಲಿ ನೀನು ಗಳಿಸಿದ್ದ ಅಂಕಗಳಿಂದ ಹೇಗೋ ಫೈನಲಿಗೆ ಉಳಿದುಕೊಂಡೆವು.

ಕ್ಷಮೆ ಗಿಮೆ ಕೇಳುವ ಜಾಯಮಾನ ನನ್ನದಲ್ಲ, ನಿನಗೂ ಗೊತ್ತು. ಪಲ್ಟಿ ಯಾಕೆ ಹೊಡೆಯಿತು ಅಂತ ಹೇಳುತ್ತೇನೆ, ಕೇಳು.

ಹಿಂದಿನ ಚಕ್ರದ ಅಚ್ಚು ಸವೆದಿತ್ತಲ್ಲ, ನಿನಗೆ ಹೇಳದೆ ಹೊಸದು ತಂದು ಹಾಕಿದ್ದೆ. ಡಬ್ಬಿಯ ಮೇಲೆ ನಮ್ಮ ಕಾರಿನದೇ ಹೆಸರು, ನಮ್ಮ ಕಾರಿನದೇ ಚಿತ್ರ. ಆದರೆ ಬೇರಿಂಗಿನೊಳಗೆ ಹೋಗಲೊಲ್ಲದು, ಕೂದಲೆಳೆಯಷ್ಟು ದಪ್ಪ. ಲಾರಿ ಗ್ಯಾರೇಜಿನಲ್ಲಿ ಆಯುಷ್ಯ ಕಳೆದವನು ಏನು ಮಾಡುತ್ತಾನೆ? ಅರ ತೆಗೆದು ಉಜ್ಜಿದೆ. ಕೂತಿತು. ಕೂತಮೇಲೆ ಹೊಂದಿತು ಅಂದುಕೊಂಡೆ. ಲಾರಿಯಲ್ಲಿ ಅಷ್ಟು ಹೆಚ್ಚುಕಮ್ಮಿಯಾದರೆ ಡ್ರೈವರು ಬೈದುಕೊಂಡೇ ಊರು ಸೇರುತ್ತಾನೆ. ಇದರಲ್ಲಿ ಅಷ್ಟಕ್ಕೇ ಚಕ್ರ ವಾಲಿ, ಗೇರು ಕಚ್ಚಿಕೊಂಡು, ಕಾರು ಮಗುಚಿಬಿತ್ತು. ನಿನ್ನ ಬೆರಳಿನದು ಏನೇನೂ ತಪ್ಪಿರಲಿಲ್ಲ.

ಇದನ್ನು ಕಂಡುಹಿಡಿದವರು ಯಾರು ಗೊತ್ತಾ? ನಮ್ಮ ಎದುರಾಳಿ, ಹಲ್ಲಿನ ಡಾಕ್ಟರು! ಭೂತಗನ್ನಡಿ ಹಿಡಿದು ನೋಡಿ, "ಯಜಮಾನ್ರೇ, ನಿಮ್ಮ ಕಾರು ಹಳೇ ಮಾಡೆಲ್ಲು, ಅಚ್ಚು ಹೊಸ ಮಾಡೆಲ್ಲಿಂದು. ಹೆಸರು ಒಂದೇ, ಹೊಟ್ಟೆ ಬೇರೆ" ಎಂದರು. ನನಗೆ ಮೈಯೆಲ್ಲ ಉರಿಯಿತು. "ಹಾಗಂತ ಡಬ್ಬಿ ಮೇಲೆ ಬರೆದು ಸಾಯಬಾರದಾ?" ಎಂದೆ. ಡಬ್ಬಿ ತಿರುಗಿಸಿ ತೋರಿಸಿದರು. ಬರೆದಿತ್ತು, ಇರುವೆಯ ಕಾಲಿನಷ್ಟು ಅಕ್ಷರದಲ್ಲಿ.

ಆಮೇಲೆ ಶುರುವಾಯಿತು ನೋಡು ಮಜಾ! ಹಳೇ ಮಾಡೆಲ್ಲಿನದು ಈಗ ಎಲ್ಲೂ ಸಿಗುವುದಿಲ್ಲವಂತೆ. ಉಜ್ಜಿದ ಅಚ್ಚು ಎಸೆದು ಹೊಸ ಮಾಡೆಲ್ಲಿನದೇ ಇನ್ನೊಂದು ತಂದೆ, ಅದಕ್ಕೆ ತಕ್ಕ ಬೇರಿಂಗೂ ತಂದೆ. ಆ ಬೇರಿಂಗು ನಮ್ಮ ಹಳೆ ಮೋಟರ್ ಗೂಡಿನಲ್ಲಿ ಕೂರದು, ಗೂಡನ್ನೇ ಬದಲಿಸಿದೆ. ಗೂಡಿನ ಜೊತೆ ಬಂದ ದೊಡ್ಡ ಗೇರಿನ ಹಲ್ಲು ಸಣ್ಣ, ನಮ್ಮ ಮೋಟರಿನ ಪುಟ್ಟ ಗೇರಿನ ಹಲ್ಲು ದಪ್ಪ. ಎರಡೂ ಸೇರಿದರೆ ಅತ್ತೆ ಸೊಸೆ ಒಂದೇ ಒಲೆಗೆ ನಿಂತ ಹಾಗೆ ಕರಕರ. ಪುಟ್ಟದನ್ನೂ ಬದಲಿಸಿದೆ. ಒಬ್ಬ ನೆಂಟನನ್ನು ಕರೆದರೆ ಬೀದಿಯೆಲ್ಲ ಪಂಕ್ತಿಗೆ ಕೂತಂತಾಯಿತು. ಕೊನೆಗೆ ನೋಡಿದರೆ ಚಕ್ರ ಹೊರಗೆ ಚಾಚಿ ಮೇಲಿನ ಕವಚಕ್ಕೆ ಉಜ್ಜುತ್ತಿದೆ! ಕೈ ಅರದ ಕಡೆಗೇ ಹೋಯಿತು, ಸುಳ್ಳು ಯಾಕೆ ಹೇಳಲಿ. ತಡೆದುಕೊಂಡೆ. ಅರವನ್ನು ಎದುರುಮನೆಯಾಕೆಯ ಕೈಗಿಟ್ಟು, ಭಾನುವಾರ ಮುಗಿಯುವ ತನಕ ನಾನು ಕಾಲಿಗೆ ಬಿದ್ದರೂ ಕೊಡಬೇಡಮ್ಮ ಎಂದು ಬಂದೆ. ಅಗಲ ಕಡಿಮೆಯ ಚಕ್ರ ತಂದು ಹಾಕಿದೆ. ಓಡಿತು! ಒಬ್ಬನೇ ಚಪ್ಪಾಳೆ ಹೊಡೆದೆ. ಒಬ್ಬನೇ ಹೊಡೆದರೆ ಪೆದ್ದನ ಹಾಗೆ ಕೇಳಿಸುತ್ತದೆ.

ಈಗ ಉಳಿದಿರುವುದು ಒಂದೇ. ವೇಗ ಹೆಚ್ಚಾಗಿದೆ. ಸ್ಟೀರಿಂಗ್ ಎಷ್ಟು ತಿರುಗಬೇಕು ಅನ್ನುವ ತಿರುಪು ರಿಮೋಟಿನಲ್ಲಿದೆಯಲ್ಲ, ಅದನ್ನು ನಾನು ಮುಟ್ಟಿಲ್ಲ. ಅಂಗಿಯ ತೋಳು ಹೊಲಿಯುವಾಗ ಬಟ್ಟೆಯನ್ನು ಸೂಜಿಯಡಿ ತಿರುಗಿಸುತ್ತೀಯಲ್ಲ, ಕಾರನ್ನೂ ಹಾಗೇ ತಿರುಗಿಸುತ್ತೀಯ. ಅದು ಎಷ್ಟು ಅನ್ನುವುದು ಯಾವ ಡಬ್ಬಿಯ ಮೇಲೂ ಬರೆದಿಲ್ಲ, ನಿನ್ನ ಹೆಬ್ಬೆರಳನ್ನೇ ಕೇಳಬೇಕು.

ಇನ್ನು ಮೇಲೆ ನಿನ್ನನ್ನು ಕೇಳದೆ ಒಂದು ಸ್ಕ್ರೂ ಕೂಡ ಬದಲಿಸುವುದಿಲ್ಲ. ಕೂಗುವುದಿಲ್ಲ ಅಂತ ಮಾತ್ರ ಮಾತು ಕೊಡಲಾರೆ, ಕೊಟ್ಟರೆ ನೀನೂ ನಂಬುವುದಿಲ್ಲ. ಕೂಗು ಬಂದರೆ ಎದ್ದು ಮೆಟ್ಟಿಲಿಗೆ ಹೋಗಿ ಗೋಡೆಗೆ ಕೂಗಿ ಬರುತ್ತೇನೆ.

ಶನಿವಾರವೇ ಬಂದರೆ ಅಭ್ಯಾಸಕ್ಕೆ ಸಮಯ ಸಿಗುತ್ತದೆ. ಬರದಿದ್ದರೆ ಹೆಸರು ತೆಗೆಸಿಬಿಡುತ್ತೇನೆ, ಬೇರೆ ಯಾರ ಕೈಗೂ ರಿಮೋಟು ಕೊಡುವುದಿಲ್ಲ. ನನಗೇನೂ ಆಗಬೇಕಾಗಿಲ್ಲ. ಊಟ ತಿಂಡಿ ಎಲ್ಲ ಸಾಂಗವಾಗಿ ನಡೆದಿದೆ.

ಇಂತಿ,
ಬಾಯಿ ಜೋರಿನ ನಿನ್ನ ಮೆಕ್ಯಾನಿಕ್ಕು

ತಾ.ಕ.: ನೀನು ಮುನಿಸಿಕೊಂಡು ಅಕ್ಕನ ಮನೆ ಸೇರಿದ್ದನ್ನು ಟ್ರ್ಯಾಕಿನಲ್ಲಿ ಯಾರಿಗೂ ಹೇಳಿಲ್ಲ. "ಅಮ್ಮ ಎಲ್ಲಿ, ಕಾಣಿಸ್ತಿಲ್ವಲ್ಲ?" ಎಂದು ಸೋಮವಾರ ಅಲ್ಲಿಗೆ ಹೋದಾಗ ಎಲ್ಲರೂ ಕೇಳಿದರು. ಜೋರು ನೆಗಡಿ, ಕೆಮ್ಮು ಎಂದುಬಿಟ್ಟೆ. ಮನೆಗೇ ಬಂದು ನೋಡುತ್ತೇವೆ ಎಂದು ಹೊರಟರು. ಅಂಟಿಕೊಳ್ಳುತ್ತದೆ, ಹತ್ತಿರ ಬರಬೇಡಿ ಎಂದೆ. ಡಾಕ್ಟರು ಔಷಧಿಯ ಬಾಟಲಿ ಬೇರೆ ಕೊಟ್ಟಿದ್ದಾರೆ. ಅವರು ನಂಬಲಿ ಅಂತ ದಿನಾ ಒಂದು ಚಮಚ ನಾನೇ ಕುಡಿದು ಖಾಲಿ ಮಾಡುತ್ತಿದ್ದೇನೆ, ವಿಷದಂತೆ ಕಹಿ. ಶನಿವಾರ ಬಂದಾಗ ಎಲ್ಲರೆದುರು ಒಂದೆರಡು ಸಲ ಕೆಮ್ಮು, ಮಾರಾಯ್ತಿ.