ಜೆಟ್ಟಿಯ ಗೇಟಿನಲ್ಲಿ ರೊಟ್ಟಿ ಗಂಟು

ಅಕ್ಕಾ,
ಗೋವಾದಲ್ಲಿ ಆರಾಮಿದ್ದೇನೆ. ಕೆಂಪು ಧೂಳಿಗೆ ಹತ್ತಿದ್ದ ಕೆಮ್ಮು ಹೋಗಿದೆ.

ಮೊನ್ನೆ ನಮ್ಮ ರಕ್ಷಣಾ ಅಧ್ಯಯನದ ಎಂ.ಎ. ತರಗತಿಯವರಿಗೆ ಬಂದರು ಭದ್ರತೆ ತೋರಿಸಲು ಹಡಗಿಗೆ ಅದಿರು ತುಂಬುವ ಒಂದು ಜೆಟ್ಟಿಗೆ ಬರಹೇಳಿದ್ದರು. ಪರವಾನಗಿ ಸರಿಯಿಲ್ಲವೆಂದು ಪ್ರೊಫೆಸರರ ಬಸ್ಸನ್ನು ಗೇಟಿನಲ್ಲೇ ನಿಲ್ಲಿಸಿದರು. ನಾನು ಅಲ್ಲೇ ಕೂಲಿ ಮಾಡುವ ಚಂದಪ್ಪ ಮಾವನ ಖೋಲಿಯಿಂದ, ಅವನು ಮರೆತುಹೋದ ರೊಟ್ಟಿ ಗಂಟು ಹಿಡಿದು, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ನಡೆದು ಬಂದೆ. ಕಾವಲುಗಾರ ನಮ್ಮ ಕಡೆಯವನೇ. ನನ್ನನ್ನೂ ಕೂಲಿಯವನೆಂದುಕೊಂಡು "ಹೊತ್ತಾತು, ಲಗೂ ಒಳಗ ನಡಿ" ಎಂದು ಗದರಿದ. ಹಡಗಿನ ಹತ್ತಿರದವರೆಗೂ ಹೋಗಿಬಂದೆ, ಯಾರೂ ಕೇಳಲಿಲ್ಲ.

ಭದ್ರತೆಯ ಲೋಪಗಳ ಕುರಿತು ಪ್ರಬಂಧ ಕೊಡಬೇಕಿತ್ತು. ಇದನ್ನು ಬರೆದರೆ ಕಾವಲುಗಾರನ ಕೆಲಸ ಹೋಗುತ್ತದೆ, ಮಾವನ ಗಂಟನ್ನು ದಿನಾ ಬಿಚ್ಚಿಸುತ್ತಾರೆ. ಸೊಮಾಲಿಯಾದ ಕಡಲ್ಗಳ್ಳರ ಬಗ್ಗೆ ಬರೆದುಕೊಟ್ಟೆ.

ಕಾರ್ಡು ತುಂಬಿತು.
ಪರಶು