ಕಾಲ ಬುಡಕ್ಕೆ ಕೊಟ್ಟ ಚೆಂಡು

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಚೂಟಿಗೆ,

ಅಕ್ಕನ ಪ್ರೀತಿ, ಜೊತೆಗೊಂದು ಗುದ್ದು. ವಿದೇಶದ ಟೂರ್ನಿಗೆಂದು ದೇಶದ ಹಾಕಿ ತಂಡದ ಶಿಬಿರಕ್ಕೆ ಹೋದವಳು ಇನ್ನೂ ಬ್ಯಾಗು ಬಿಚ್ಚದೆ ಕೂತಿದ್ದೀಯಂತೆ. ಅಕ್ಕನಿಲ್ಲದ ತಂಡದಲ್ಲಿ ಆಡುವುದಿಲ್ಲ, ಮನೆಗೆ ಬಂದುಬಿಡುತ್ತೇನೆ ಅಂತ ಅಮ್ಮನ ಹತ್ತಿರ ಫೋನಿನಲ್ಲಿ ಅತ್ತಿದ್ದೂ ಗೊತ್ತಾಯಿತು. ನನ್ನ ಫೋನು ಮಾತ್ರ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸುವುದು ನಿನ್ನಿಂದ ಆಗದು.

ನಿನ್ನ ತಲೆ ಕೊರೆಯುತ್ತಿರುವುದು ಆಯ್ಕೆ ಪಂದ್ಯದ ಆ ಪಾಸುಗಳು ತಾನೇ? ಮೈದಾನದ ಮಧ್ಯದಿಂದ ನೀನು ಚೆಂಡನ್ನು ಖಾಲಿ ಜಾಗಕ್ಕೆ ತಳ್ಳಿದೆ. ಮುಂಚೂಣಿಯಲ್ಲಿದ್ದ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಗೆರೆ ದಾಟಿತ್ತು. ಒಂದು ಸಲವಲ್ಲ, ಮತ್ತೆ ಮತ್ತೆ. ಆಯ್ಕೆಗಾರರೇನು ಕುರುಡರೇ? ಸಂಜೆ ಓದಿದ ಹೆಸರುಗಳಲ್ಲಿ ನೀನಿದ್ದೆ, ನಾನಿರಲಿಲ್ಲ.

ಆದರೆ ಹಾಗೆ ತಳ್ಳು ಅಂದವಳು ನಾನೇ. ಒಂದು ವರ್ಷದಿಂದ ನೀನು ನನಗೆ ಚೆಂಡನ್ನು ಕಾಲ ಬುಡಕ್ಕೇ ಕೊಡುತ್ತಿದ್ದೆ, ಮಗುವಿಗೆ ತುತ್ತಿಡುವ ಹಾಗೆ. ಅಕ್ಕನ ಓಟ ಕುಗ್ಗಿದ್ದು ಯಾರಿಗೂ ಕಾಣಬಾರದಲ್ಲ! ಜನ ಅಕ್ಕತಂಗಿಯರ ಹೊಂದಾಣಿಕೆಯನ್ನು ಹೊಗಳುತ್ತಿದ್ದರು. ನಾನೂ ನಂಬಿದ್ದೆ ಕಣೇ. ಪಂದ್ಯದ ಹಿಂದಿನ ದಿನ ಅಭ್ಯಾಸದಲ್ಲಿ ನೀನು ಇನ್ನೊಬ್ಬ ಹುಡುಗಿಗೆ ಕೊಟ್ಟ ಚೆಂಡು ನೋಡಿದೆ. ಬಿರುಸಾಗಿ, ಮುಂದಕ್ಕೆ, ತಾಕತ್ತಿದ್ದರೆ ಓಡಿ ಹಿಡಿ ಎನ್ನುವ ಹಾಗಿತ್ತು. ನನಗೆ ಇಷ್ಟು ದಿನ ಕೊಟ್ಟಿದ್ದು ಹಾಗಲ್ಲ ಅಂತ ಆಗ ಹೊಳೆಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಿನ್ನನ್ನು ತಡೆದು, "ನಾಳೆ ನಂಗೂ ಹಂಗೇ ಕೊಡು. ಇಲ್ಲಾಂದ್ರೆ ನನ್ ಜೊತೆ ಮಾತಾಡ್ಬೇಡ" ಅಂದೆ. ನೀನು ಬೂಟಿನ ದಾರ ಬಿಚ್ಚುತ್ತಲೇ ಇದ್ದೆ, ತಲೆಯೆತ್ತಲಿಲ್ಲ. ಮಾರನೆಯ ದಿನ ಹಾಗೇ ಕೊಟ್ಟೆ.

ನೀನು ಮಾಡಿದ್ದು ಸರಿ. ಅಕ್ಕ ಅಂತ ನನಗೆ ಸಿಕ್ಕ ಕೊನೆಯ ಮರ್ಯಾದೆ ಅದು.

ಹನ್ನೊಂದು ವರ್ಷ ದೇಶದ ಅಂಗಿ ತೊಟ್ಟೆ. ಎರಡು ಹಲ್ಲು ಹೋದವು, ಮೂಗು ಸೊಟ್ಟಗಾಯಿತು. ಗಂಡಿನ ಕಡೆಯವರು ಫೋಟೋ ಕೇಳಿದಾಗಲೆಲ್ಲ ಅಮ್ಮ ಸೊಟ್ಟ ಕಾಣದಂತೆ ಎಡಪಕ್ಕದಿಂದ ತೆಗೆದದ್ದನ್ನೇ ಹುಡುಕುತ್ತಿದ್ದಳು. ಈಗ ದುಃಖವಿಲ್ಲ ಎಂದರೆ ಸುಳ್ಳು. ಬೆಳಿಗ್ಗೆ ಎದ್ದರೆ ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವುದು ಇನ್ನೂ ಮೈಗೆ ತಿಳಿದಿಲ್ಲ. ಹಾಸಿಗೆಯಲ್ಲೇ ಕೂತು ಅಳುತ್ತೇನೆ, ಆಮೇಲೆ ಮುಖ ತೊಳೆಯುತ್ತೇನೆ. ಅದು ನನ್ನ ಪಾಡು, ನಿನ್ನದಲ್ಲ. ನನ್ನ ಹಳೇ ಮಂಡಿ ನೋವು ಪರವಾಗಿಲ್ಲ, ಸ್ವಲ್ಪ ಊತವಷ್ಟೇ. ದಿನಾ ಮಹಡಿ ಹತ್ತಿ ಇಳಿಯುತ್ತೇನೆ.

ಬ್ಯಾಗು ಬಿಚ್ಚು. ಚೆಂಡನ್ನು ಮುಂದಕ್ಕೇ ಕೊಡು, ಅಲ್ಲಿಗೆ ಓಡುವ ಕಾಲುಗಳು ಬೇಕಾದಷ್ಟಿವೆ. ಆಡದೆ ವಾಪಸು ಬಂದೆಯೋ, ಬಾಗಿಲು ತೆಗೆಯುವವಳು ನಾನಲ್ಲ.

ಇಂತಿ,
ನಿನ್ನ ಜಗಳಗಂಟಿ ಅಕ್ಕ

ತಾ.ಕ.: ಕಾಗದ ಮಡಚುವಾಗ ನಿಮ್ಮ ಕೋಚ್ ಫೋನ್ ಮಾಡಿದರು. ಮುಂಚೂಣಿಯ ಹುಡುಗಿಯೊಬ್ಬಳ ಕೈ ಮುರಿದಿದೆಯಂತೆ. "ನಾಳೆ ಬರ್ತೀಯಾ?" ಅಂತ ಕೇಳಿದರು. ಆಗುವುದಿಲ್ಲ ಎಂದೆ. ಮಹಡಿಯ ಮಾತು ಸುಳ್ಳು, ಚೂಟಿ. ಆ ಪಂದ್ಯ ಆದಮೇಲೆ ಕುರ್ಚಿಯಿಂದ ಏಳುವುದಕ್ಕೂ ಅಮ್ಮನ ಕೈ ಬೇಕು. ಇನ್ನು ಓಟದ ಮಾತೇ ಬೇಡ ಅಂದಿದ್ದಾರೆ ಡಾಕ್ಟರು. ಅಮ್ಮನಿಗೆ ಡಾಕ್ಟರ ಮಾತು ಗೊತ್ತಿಲ್ಲ, ಮಂಡಿ ವಾಸಿಯಾಗುತ್ತದೆ, ತಂಡದವರು ಮತ್ತೆ ಕರೆಯುತ್ತಾರೆ ಅಂತ ದಿನಾ ಕಾಯುತ್ತಿದ್ದಾಳೆ. ಫೋನು ಯಾರದು ಅಂತ ಒಳಗಿನಿಂದ ಕೇಳಿದಳು. ರಾಂಗ್ ನಂಬರ್ ಎಂದೆ.